ತಾಳಮದ್ದಲೆ ಕ್ಯಾಸೆಟ್ ಇಳಿಸಲು ಲಿನಕ್ಸ್ ಕಂಪ್ಯೂಟರ್: ಆಡಿಯೋ, ವಿಡಿಯೋಗೆ ಏನೇನು ಯೋಚಿಸಬೇಕು?

ನೀವು ಕೇಳಿದ್ದು ಇಷ್ಟು. ಕುಮಟಾದ ನಿಮ್ಮ ಸಂಘದಲ್ಲಿ ಮೂರು ಹಳೆ ಡೆಸ್ಕ್‌ಟಾಪ್ ಇವೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಅಥವಾ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಬೇಕು ಅಂತಿದ್ದೀರಿ. ತಾಳಮದ್ದಲೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಬೇಕು, ಹೊಸ ಕಾರ್ಯಕ್ರಮ ರೆಕಾರ್ಡ್ ಮಾಡಬೇಕು, ಟಿವಿಗೆ ಹಚ್ಚಿ ವಿಡಿಯೋ ತೋರಿಸಬೇಕು. ಯಾವ ಯಾವ ಸಾಫ್ಟ್‌ವೇರ್ ಪಟ್ಟಿ ಮಾಡಲಿ ಅಂತ ಪ್ರಶ್ನೆ.

ನಾನು ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಇಂಥದ್ದೇ ಕೆಲಸಕ್ಕೆ ಯಂತ್ರ ಸಿದ್ಧ ಮಾಡಿಕೊಟ್ಟಿದ್ದೇನೆ. ಸಾಫ್ಟ್‌ವೇರ್ ಪಟ್ಟಿಯನ್ನು ಕೊನೆಗೆ ಮಾಡಿ. ಹಾಡು, ವಿಡಿಯೋ ಪ್ಲೇ ಮಾಡುವುದಕ್ಕೆ ಈಗ ಯಾವ ಯೋಜನೆಯೂ ಬೇಡ. ತಲೆ ಕೆಡಿಸಿಕೊಳ್ಳಬೇಕಾದ್ದು ಶಬ್ದ ಕಂಪ್ಯೂಟರಿನ ಒಳಗೆ ಬರುವ ದಾರಿಯ ಬಗ್ಗೆ.

ಮೊದಲು ಡೆಸ್ಕ್‌ಟಾಪ್‌ನ ಹಿಂದೆ ನೋಡಿ. ಹಸಿರು, ಗುಲಾಬಿ, ತಿಳಿನೀಲಿ ಮೂರು ತೂತು ಇರುತ್ತವೆ. ನೀಲಿ ಇದ್ದರೆ ನಿಮ್ಮ ಅರ್ಧ ಖರ್ಚು ಉಳಿಯಿತು. ಅದೇ ಲೈನ್ ಇನ್. ಕ್ಯಾಸೆಟ್ ಡೆಕ್‌ನ ಲೈನ್ ಔಟ್‌ನಿಂದ ಅಲ್ಲಿಗೆ ನೇರ ವೈರ್ ಹಾಕಬಹುದು. ಗುಲಾಬಿ ಮೈಕಿನದ್ದು, ಅದಕ್ಕೆ ಡೆಕ್ ಹಚ್ಚಿದರೆ ಶಬ್ದ ಒಡೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಒಂದೇ ತೂತು ಇದ್ದರೆ ಅದರಲ್ಲಿ ಒಳಗೆ ಬರುವುದು ಮೊನೊ ಮೈಕ್ ಮಾತ್ರ, ಸ್ಟೀರಿಯೋ ಸಿಗುವುದಿಲ್ಲ. ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್‌ಗಳದ್ದೂ ಹೆಚ್ಚಾಗಿ ಇದೇ ಕಥೆ. ಹೊಸದಾಗಿ ಯುಎಸ್‌ಬಿ ಇಂಟರ್‌ಫೇಸ್ (ಶಬ್ದವನ್ನು ಯುಎಸ್‌ಬಿ ಮೂಲಕ ಒಳಗೆ ತರುವ ಪೆಟ್ಟಿಗೆ) ಕೊಳ್ಳುವುದಾದರೆ ಅಂಗಡಿಯಲ್ಲಿ 'ಕ್ಲಾಸ್ ಕಂಪ್ಲಯಂಟ್ ಹೌದೋ ಅಲ್ಲವೋ' ಅಂತ ಕೇಳಿ. ಹೌದಾದರೆ ಅದು ಯುಎಸ್‌ಬಿಯ ಸಾಮಾನ್ಯ ಪದ್ಧತಿಯಲ್ಲೇ ನಡೆಯುತ್ತದೆ, ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕುವ ಕೆಲಸ ಇಲ್ಲ. ಪೆಟ್ಟಿಗೆಯ ಜೊತೆ ಸಿಡಿ ಕೊಟ್ಟು ವಿಂಡೋಸ್‌ಗೆ ಮಾತ್ರ ಎಂದರೆ ವಾಪಸ್ ಇಡಿ.

ಈಗ ಸಿಸ್ಟಮ್. ಫ್ರೀಬಿಎಸ್‌ಡಿ ಒಳ್ಳೆಯದೇ. ಅದರ ಶಬ್ದದ ವ್ಯವಸ್ಥೆ ಹಳೆಯ ಓಎಸ್‌ಎಸ್ ಪದ್ಧತಿಯದು, ಹಲವು ಪ್ರೋಗ್ರಾಂಗಳ ಶಬ್ದವನ್ನು ಕರ್ನಲ್‌ನಲ್ಲೇ (ಸಿಸ್ಟಮ್‌ನ ತಿರುಳಿನಲ್ಲೇ) ಬೆರೆಸುತ್ತದೆ, ಸರಳವಾಗಿದೆ. ಶಬ್ದ ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ ಪ್ರೋಗ್ರಾಂ ಕೂಡ ಅದರಲ್ಲಿ ಸಿಗುತ್ತದೆ. ಆದರೆ ಬ್ಲೂಟೂತ್ ಸ್ಪೀಕರ್ ಹಚ್ಚುವುದು, ಬ್ರೌಸರ್‌ನಲ್ಲಿ ದುಡ್ಡು ಕೊಟ್ಟು ನೋಡುವ ಸಿನಿಮಾ, ಇವೆಲ್ಲ ಲಿನಕ್ಸ್‌ನಷ್ಟು ಸಲೀಸಲ್ಲ. ಸಂಘದಲ್ಲಿ ಕೂರುವವರು ಹತ್ತು ಜನ, ಗೊತ್ತಿರುವವರು ಒಬ್ಬರು, ಅಲ್ವಾ? ಆ ಒಬ್ಬರು ಬೆಂಗಳೂರಿಗೆ ಹೋದ ದಿನ ಏನು ಗತಿ? ಫ್ರೀಬಿಎಸ್‌ಡಿಯನ್ನು ಫೈಲ್ ಕೂಡಿಡುವ ಯಂತ್ರಕ್ಕೆ ಇಟ್ಟುಕೊಳ್ಳಿ. (ಅದರ ತಮ್ಮ ಓಪನ್‌ಬಿಎಸ್‌ಡಿ ಇನ್ನೂ ಮಜಾ. ಗುಟ್ಟು ಕಾಯಲೆಂದು ರೆಕಾರ್ಡಿಂಗನ್ನೇ ಮೊದಲಿನಿಂದ ಬಂದ್ ಮಾಡಿ ಇಟ್ಟಿರುತ್ತದೆ. ನೀವೇ ಬಿಚ್ಚುವ ತನಕ ಬರುವುದು ಬರೀ ಮೌನ.)

ಲಿನಕ್ಸ್‌ನಲ್ಲಿ ಶಬ್ದದ ಗೊಂದಲ ಹಿಂದೆ ನಿಜಕ್ಕೂ ಇತ್ತು. 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದ ಆಲ್ಸಾ ಎಂಬ ಶಬ್ದದ ಡ್ರೈವರ್ ವ್ಯವಸ್ಥೆ ಮುಖ್ಯವಾಯಿತು. ಅದರ ಮೇಲೆ ಎಲ್ಲ ಪ್ರೋಗ್ರಾಂಗಳ ಶಬ್ದ ಬೆರೆಸುವ ಪಲ್ಸ್‌ಆಡಿಯೋ ಕೂತಿತು. ಸಂಗೀತ ಮಾಡುವವರು ಬೇರೆಯಾಗಿ ಜಾಕ್ ಎಂಬ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಂಡರು. ಎರಡಕ್ಕೂ ಜಗಳ ಸಾಮಾನ್ಯ. ಈಗ ಪೈಪ್‌ವೈರ್ ಬಂದು ಎರಡರ ಕೆಲಸವನ್ನೂ ತಾನೇ ಮಾಡುತ್ತದೆ. ಮೈಕ್‌ಸೆಟ್‌ನವರ ಮಿಕ್ಸರ್ ಇದ್ದಂತೆ, ಎಲ್ಲ ವೈರೂ ಅಲ್ಲಿಗೇ ಬರುತ್ತವೆ, ಅಲ್ಲಿಂದಲೇ ಹೋಗುತ್ತವೆ. ಲಿನಕ್ಸ್‌ನ ಒಂದು ಬಗೆಯಾದ ಫೆಡೋರಾ 2021ರಲ್ಲಿ ಅದಕ್ಕೆ ಬದಲಾಯಿತು. ಇನ್ನೊಂದು ಬಗೆ, ಲಿನಕ್ಸ್ ಮಿಂಟ್ 22ರಲ್ಲೂ ಅದೇ ಇದೆ. ನಿಮಗೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು, ಹಳೆ ಯಂತ್ರಕ್ಕೆ ಹಗುರ. ಇನ್‌ಸ್ಟಾಲ್ ಮಾಡುವಾಗ ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೋ ಫೈಲ್ ಬಿಚ್ಚುವ ಸಾಫ್ಟ್‌ವೇರ್) ಬೇಕಾ ಅಂತ ಒಂದು ಚೌಕ ಬರುತ್ತದೆ, ಅದಕ್ಕೆ ಟಿಕ್ ಹಾಕಿ. ಹಳೆ ಸಲಹೆ ಓದಿ ಪೈಪ್‌ವೈರ್ ಕಿತ್ತು ಪಲ್ಸ್‌ಆಡಿಯೋ, ಜಾಕ್ ಹಾಕಲು ಹೋಗಬೇಡಿ.

ಮಿಂಟ್ ಹಾಕಿದ ಮೇಲೆ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಎಂಬ ಪುಟ್ಟ ಪ್ರೋಗ್ರಾಂ ತೆರೆಯಿರಿ. ಹೆಸರು ಹಳೆಯದು, ಪೈಪ್‌ವೈರ್ ಜೊತೆಗೂ ನಡೆಯುತ್ತದೆ. ಇನ್‌ಪುಟ್ ಭಾಗದಲ್ಲಿ ಮೈಕ್ ಬದಲು ಲೈನ್ ಇನ್ ಆರಿಸಿ. 'ರೆಕಾರ್ಡೇ ಆಗ್ತಿಲ್ಲ' ಅಂತ ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನರದ್ದು ಇದೇ ತೊಂದರೆ. ಆಡಾಸಿಟಿಯಲ್ಲಿ ಕಾರ್ಡ್‌ನ ಹೆಸರು ಆರಿಸಬೇಡಿ, ಡಿಫಾಲ್ಟ್ ಅಥವಾ ಪೈಪ್‌ವೈರ್ ಅಂತ ಇರುವುದನ್ನು ಆರಿಸಿ. ಟಿವಿ ಹಚ್ಚಿದಾಗ ಶಬ್ದ ಎಚ್‌ಡಿಎಂಐಗೆ ಹೋಗದಿದ್ದರೆ ಅದನ್ನು ಬದಲಿಸುವುದೂ ಇದೇ ಪ್ರೋಗ್ರಾಂನಲ್ಲಿ.

ಎಲ್ಲ ಯಂತ್ರದಲ್ಲೂ ಒಂದೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಶಬ್ದವನ್ನು ಎಷ್ಟು ಸಲ ಅಳೆಯುವುದು ಎಂಬ ಲೆಕ್ಕ) ಇಡಿ: 48 ಕಿಲೋಹರ್ಟ್ಸ್. ಪೈಪ್‌ವೈರ್ ಮೊದಲಿನಿಂದ ಅದರಲ್ಲೇ ಇರುತ್ತದೆ, ವಿಡಿಯೋಗೂ ಅದೇ ಬೇಕು. 96 ಇಟ್ಟರೆ ಚೆನ್ನಾಗಿ ಬರುತ್ತದೆ ಅನ್ನುವವರಿದ್ದಾರೆ. ಕ್ಯಾಸೆಟ್‌ನಲ್ಲಿ ಅಷ್ಟು ಮೇಲಿನ ಶಬ್ದವೇ ಇರುವುದಿಲ್ಲ, ಸುಮ್ನೆ ಡಿಸ್ಕ್ ತುಂಬುತ್ತದೆ. ಪ್ರತಿ ಅಳತೆಯ ನಿಖರತೆ 24 ಬಿಟ್ ಇಡಿ, ಮಟ್ಟವನ್ನು ಮೈನಸ್ 12 ಡೆಸಿಬಲ್ ಹತ್ತಿರ ಇಡಿ. ಚಂಡೆ ಒಮ್ಮೆಲೇ ಎದ್ದಾಗ ಮೇಲೆ ಜಾಗ ಬೇಕು. ಮದ್ದಲೆ ನೋಡಿ ಮಟ್ಟ ಹೊಂದಿಸಿದರೆ ಚಂಡೆಗೆ ಕೆಂಪು ಗೆರೆ ಗ್ಯಾರಂಟಿ.

ಈ ಲೆಕ್ಕದಲ್ಲಿ ಸ್ಟೀರಿಯೋಗೆ ಗಂಟೆಗೆ ಸುಮಾರು 1 ಜಿಬಿ ಬೇಕು. ಇಲ್ಲಿ ಒಂದು ತೊಡಕು ಇದೆ. ಸಾದಾ ವೇವ್ ಫೈಲ್ 4 ಜಿಬಿ ದಾಟುವ ಹಾಗಿಲ್ಲ, ಅಂದರೆ ನಾಲ್ಕು ಗಂಟೆ ಚಿಲ್ಲರೆ. 90 ನಿಮಿಷದ ಕ್ಯಾಸೆಟ್‌ಗೆ ತೊಂದರೆ ಇಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಒಂದೇ ಫೈಲಿಗೆ ಹಿಡಿಯಲು ಹೋದರೆ ಬೆಳಗಿನ ಜಾವ ಪ್ರಸಂಗ ರಂಗೇರುವಾಗಲೇ ಕೈಕೊಡುತ್ತದೆ. ನೇರವಾಗಿ ಫ್ಲ್ಯಾಕ್ ಎಂಬ ಬಗೆಯ ಫೈಲಿಗೆ ಇಳಿಸಿ, ಅಥವಾ ಗಂಟೆಗೊಂದು ಫೈಲ್ ಮಾಡಿ. ಆಡಾಸಿಟಿ ತನ್ನ ಪ್ರಾಜೆಕ್ಟ್ ಅನ್ನು 32 ಬಿಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕೆಲಸ ನಡೆಯುವಾಗ ಜಾಗ ಇನ್ನೂ ಜಾಸ್ತಿ ಬೇಕು.

ಕೂಡಿಡಲು ಫ್ಲ್ಯಾಕ್ ಮಾತ್ರ. ಅದರಲ್ಲಿ ಶಬ್ದ ಏನೂ ಕಳೆಯುವುದಿಲ್ಲ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಖು ಎಲ್ಲವನ್ನೂ ಕನ್ನಡದಲ್ಲೇ ಫೈಲಿನೊಳಗೆ ಬರೆದಿಡಬಹುದು. ಹಂಚಲು ಎಂಪಿ3. ಕಾರಿನ ಸ್ಟೀರಿಯೋಗೆ ಪೆನ್‌ಡ್ರೈವ್ ಹಾಕಿ ಕೇಳುವವರಿಗೆ ಓಪಸ್ ಎಂಬ ಹೊಸ ಬಗೆಯ ಫೈಲ್ ಕೊಟ್ಟರೆ ಬೈಗುಳ ಖಚಿತ. ಹಿಂದೆ ಎಂಪಿ3ಗೆ ಪೇಟೆಂಟ್ ತಲೆನೋವಿತ್ತು, 2017ರಲ್ಲಿ ಅದೂ ಮುಗಿಯಿತು. 128 ಕೆಬಿಪಿಎಸ್‌ನಲ್ಲಿ ಗಂಟೆಗೆ 58 ಎಂಬಿ ಆಗುತ್ತದೆ.

ವಿಡಿಯೋಗೆ ವಿಎಲ್‌ಸಿ ಅಥವಾ ಎಂಪಿವಿ ಪ್ಲೇಯರ್ ಸಾಕು. ಹೊಸ ಫೋನಿನ ಎಚ್‌ಇವಿಸಿ ಬಗೆಯ ವಿಡಿಯೋ ಹಳೆ ಯಂತ್ರದಲ್ಲಿ ತಡವರಿಸಬಹುದು. ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂನಿಂದ ಹಿಂದಿನ ಬಗೆಯಾದ ಎಚ್.264ಕ್ಕೆ ಬದಲಿಸಿಟ್ಟುಕೊಳ್ಳಿ.

ಯಾವ ಸಾಫ್ಟ್‌ವೇರೂ ಸರಿ ಮಾಡದ ಎರಡು ವಿಷಯ ಇವೆ. ಒಂದು, ಗುಂಯ್ ಅನ್ನುವ 50 ಹರ್ಟ್ಸ್ ಶಬ್ದ. ನಮ್ಮ ಕಡೆ ಎಷ್ಟೋ ಕಟ್ಟಡಗಳಲ್ಲಿ ಮೂರನೇ ಪಿನ್ ಇದ್ದರೂ ಅರ್ಥಿಂಗ್ ಇರುವುದಿಲ್ಲ. ಡೆಕ್, ಕಂಪ್ಯೂಟರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಗುಂಯ್ ನಿಂತರೆ ಕರೆಂಟಿನ ದಾರಿಯದ್ದೇ ದೋಷ. ಎರಡು, ಬೂಷ್ಟು. ನಮ್ಮ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಬಿಳಿ ಪುಡಿ ಕಂಡರೆ ಡೆಕ್‌ಗೆ ಹಾಕಬೇಡಿ. ಹೆಡ್ ಕೊಳೆಯಾಗಿ ಮುಂದಿನ ಒಳ್ಳೆಯ ಕ್ಯಾಸೆಟ್ಟೂ ಹಾಳಾಗುತ್ತದೆ. ಅಂಥವನ್ನು ಬೇರೆ ಮಾಡಿ ಕೊನೆಗೆ ನೋಡಿ.

ಮೂರೂ ಯಂತ್ರಕ್ಕೆ ಎಲ್ಲ ತುಂಬಬೇಡಿ. ಲೈನ್ ಇನ್ ಚೆನ್ನಾಗಿರುವ ಒಂದನ್ನು ರೆಕಾರ್ಡಿಂಗ್‌ಗೆ ಮೀಸಲಿಡಿ. ಅದಕ್ಕೆ ಯುಪಿಎಸ್ ಹಾಕಿ, ಕಾರ್ಯಕ್ರಮದ ಹಿಂದಿನ ದಿನ ಅಪ್‌ಡೇಟ್ ಮಾಡಬೇಡಿ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಬರುತ್ತದೆ, ಅವಸರ ಏನಿಲ್ಲ. ಯುಎಸ್‌ಬಿ ಇಂಟರ್‌ಫೇಸ್ ಕೊಳ್ಳುವ ಮೊದಲು ಮೂರೂ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಯಾವುದು, ಡೆಕ್‌ನ ಹಿಂದೆ ಯಾವ ಪಿನ್ ಇದೆ ಅಂತ ಇಲ್ಲಿ ಬರೆಯಿರಿ. ಬಹುಶಃ ಒಂದು ವೈರ್‌ನಲ್ಲೇ ಕೆಲಸ ಆಗುತ್ತದೆ.