ಬಳ್ಳಾರಿಯಿಂದ ದತ್ತು ಹೋದವರು ದೊಡ್ಡವರಾದ ಮೇಲೆ ಹೆತ್ತವರ ದಾಖಲೆ ಕೇಳಬಹುದೇ?

ಕೇಳಬಹುದು, ಎಲ್ಲವೂ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. 2022ರ ದತ್ತು ನಿಯಮಾವಳಿಯಂತೆ 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಬೇರೆಯವರ ಮೂಲಕ ಆಗದು. ದತ್ತು ಕೊಟ್ಟ ಸಂಸ್ಥೆಗೋ ಬಳ್ಳಾರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ದತ್ತು ಆದೇಶದ ಪ್ರತಿ, ಗುರುತಿನ ಚೀಟಿಯೊಂದಿಗೆ ಬರೆದುಕೊಡಿ. ‘ರೂಟ್ ಸರ್ಚ್’ (ಹುಟ್ಟಿನ ಮೂಲದ ಹುಡುಕಾಟ) ಎಂದೇ ನಮೂದಿಸಿ. ಜನನ ಪ್ರಮಾಣಪತ್ರಕ್ಕಾಗಿ ಅಲೆಯಬೇಡಿ: ದತ್ತಾದ ಮೇಲೆ ಅದರಲ್ಲಿ ಸಾಕಿದವರ ಹೆಸರೇ ಇರುತ್ತದೆ. ಮೂಲ ವಿವರವನ್ನು ಸಂಸ್ಥೆಯ, ಮಕ್ಕಳ ಕಲ್ಯಾಣ ಸಮಿತಿಯ ಕಡತಗಳಲ್ಲಿ ಹುಡುಕಬೇಕು.

ಮಗುವನ್ನು ಒಪ್ಪಿಸುವಾಗ ಹೆತ್ತವರು ಗುರುತು ಮರೆಮಾಡಲು ಕೋರಿದ್ದರೆ ಅವರ ಒಪ್ಪಿಗೆ ಬೇಕು. ಅವರ ಖಾಸಗಿತನಕ್ಕೂ ಕಾನೂನಿನ ರಕ್ಷಣೆಯಿದೆ, ಇರಲೇಬೇಕು. ಅವರು ಒಪ್ಪದಿದ್ದರೂ, ಪತ್ತೆಯಾಗದಿದ್ದರೂ, ಯಾವ ಕಾರಣಕ್ಕೆ ಒಪ್ಪಿಸಿದರೆಂಬುದನ್ನು ನಿಮಗೆ ತಿಳಿಸಲೇಬೇಕು, ಅದನ್ನು ಬಿಟ್ಟುಕೊಡಬೇಡಿ. ಹಿಂದೂ ದತ್ತಕ ಕಾಯ್ದೆಯಡಿ ನೋಂದಣಿಯಾಗಿದ್ದರೆ ಉಪನೋಂದಣಿ ಕಚೇರಿಯ ದತ್ತಕ ಪತ್ರದಲ್ಲೇ ಕೊಟ್ಟವರ ಹೆಸರಿರುತ್ತದೆ.