ರಗತ ತಗೊಂಡು ಹೋದವರು ಮತ್ತೆ ಬರಲಿಲ್ಲ

ಪ್ರಶ್ನೆ: ಕಲಬುರಗಿಯಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಗುರುಮಠಕಲ್ ತಾಲ್ಲೂಕಿನ ಲಂಬಾಣಿ ತಾಂಡಾಗಳಲ್ಲಿ ಬಸುರಿಯರ ರಕ್ತಹೀನತೆ ನನ್ನ ಪ್ರಬಂಧದ ವಿಷಯ. ಮೊದಲ ದಿನವೇ ಒಬ್ಬ ಅಜ್ಜಿ, “ಹ್ವಾದ ಸಲ ಬಂದವ್ರೂ ರಗತ ತಗೊಂಡ್ ಹೋದ್ರು, ಏನಾಗ್ಯಾದ ಅಂತ ಹೇಳಲಾಕ ಒಬ್ರೂ ಬಂದಿಲ್ಲ” ಅಂದು ಬಾಗಿಲು ಹಾಕಿಕೊಂಡರು. ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕರೆದೊಯ್ದು ಅಲ್ಲೇ ಆರೋಗ್ಯ ಶಿಕ್ಷಣವನ್ನೂ ಕೊಡಿಸಬೇಕು. ಡಿಸೆಂಬರ್, ಜನವರಿಯಲ್ಲಿ ಮುಗಿಸಿಬಿಡು ಅನ್ನುತ್ತಾರೆ ಗೈಡ್. ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಆ ಅಜ್ಜಿಯ ಮನೆಯಿಂದಲೇ ಶುರು ಮಾಡಿ, ತಂಗಿ. ನಿಮಗೆ ಸಿಕ್ಕ ಮೊದಲ ಮಾಹಿತಿ ಅದೇ. ಹೋದ ಸಲ ಬಂದವರು ಯಾರು, ಏನು ಪರೀಕ್ಷೆ ಮಾಡಿದರು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಿಕ್ಕರೆ ಆ ಫಲಿತಾಂಶ ತಂದು ಅಜ್ಜಿಯ ಕೈಗೆ ಕೊಡಿ. ಸಿಗದಿದ್ದರೆ ಸಿಗಲಿಲ್ಲ ಅಂತ ಹೇಳಲಿಕ್ಕಾದರೂ ಹೋಗಿ. ಅದು ನಿಮ್ಮ ತಪ್ಪಲ್ಲ, ನಿಜ. ಆದರೆ ಆಕೆಯ ಕಣ್ಣಿಗೆ ಬಿಳಿ ಕೋಟು ಹಾಕಿದವರೆಲ್ಲ ಒಂದೇ ಮನೆತನದವರು.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ತಾಂಡಾದಲ್ಲಿ ನೂರಾರು ಜನರ ರಕ್ತ ತೆಗೆದೆ, ವರದಿ ಬರೆದೆ, ಆಮೇಲೆ ಅತ್ತ ತಲೆ ಹಾಕಲಿಲ್ಲ. ಎರಡು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಒಬ್ಬ ಹೆಣ್ಣುಮಗಳು, “ನಂದು ಎಷ್ಟು ಇತ್ರಿ ಸಾಹೇಬ್ರ?” ಅಂತ ಕೇಳಿದಳು. ಉತ್ತರ ನನ್ನ ಕಪಾಟಿನ ಫೈಲಿನಲ್ಲಿತ್ತು.

ದೂರದ ಒಂದು ಸಂಗತಿ ಕೇಳಿ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ತಳದಲ್ಲಿ ಹವಾಸುಪಾಯಿ ಎಂಬ ಮೂಲನಿವಾಸಿಗಳಿದ್ದಾರೆ. ಅವರ ಊರಿಗೆ ಮೋಟಾರು ರಸ್ತೆಯೇ ಇಲ್ಲ. ನಡೆದು, ಹೇಸರಗತ್ತೆ ಏರಿ, ಇಲ್ಲವೇ ಹೆಲಿಕಾಪ್ಟರಿನಲ್ಲಿ ಇಳಿಯಬೇಕು. ಸಕ್ಕರೆ ಕಾಯಿಲೆ ಅವರನ್ನು ಹಣ್ಣು ಮಾಡಿತ್ತು. 1990ರಲ್ಲಿ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದವರು ಬಂದಾಗ ಆ ಕಾಯಿಲೆಗೇನೋ ದಾರಿ ಸಿಕ್ಕೀತು ಅಂತ ರಕ್ತ ಕೊಟ್ಟರು. ಅದೇ ರಕ್ತದ ಮೇಲೆ ಮಾನಸಿಕ ಕಾಯಿಲೆಯ ಅಧ್ಯಯನ ನಡೆಯಿತು, ರಕ್ತಸಂಬಂಧದ ಮದುವೆಯ ಲೆಕ್ಕ ಹಾಕಿದರು, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರೆಂದೂ ಹುಡುಕಿದರು. ತಾವು ಹುಟ್ಟಿದ್ದೇ ಆ ಕಣಿವೆಯಲ್ಲಿ ಎಂದು ನಂಬುವ ಜನ ಅವರು! 2003ರಲ್ಲಿ ಅದೇ ಸಮುದಾಯದ ಹೆಣ್ಣುಮಗಳೊಬ್ಬಳು ವಿಶ್ವವಿದ್ಯಾಲಯದ ಪಿಎಚ್.ಡಿ. ಮೌಖಿಕ ಪರೀಕ್ಷೆಯೊಂದಕ್ಕೆ ಹೋಗಿ ಕೂತಾಗ ವಿಷಯ ಹೊರಬಿತ್ತು. ಮೊಕದ್ದಮೆ ನಡೆದು, 2010ರಲ್ಲಿ 41 ಜನರಿಗೆ 7 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಉಳಿದ ರಕ್ತದ ಮಾದರಿಗಳನ್ನು ಅವರು ಮರಳಿ ಊರಿಗೆ ಒಯ್ದರು. ಕೊಟ್ಟ ಮೇಲೂ ರಕ್ತ ಕೊಟ್ಟವರದೇ ಎಂದು ಆ ಜನ ತಿಳಿದಿದ್ದರು. ನಿಮ್ಮ ಅಜ್ಜಿಯೂ ಅಷ್ಟನ್ನೇ ಹೇಳಿದ್ದು.

ಹಾಗಾಗಿ ಸೀಸೆಗಟ್ಟಲೆ ರಕ್ತ ಪ್ರಯೋಗಾಲಯಕ್ಕೆ ಒಯ್ಯುವ ಆಲೋಚನೆ ಬಿಡಿ. ಡಿಜಿಟಲ್ ಹಿಮೋಗ್ಲೋಬಿನ್ ಮೀಟರಿಗೆ ಬೆರಳ ತುದಿಯ ಒಂದು ಹನಿ ಸಾಕು. ಅಂಕಿ ಅಲ್ಲೇ ಬರುತ್ತದೆ, ಅಲ್ಲೇ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಯಿರಿ. ಬಸುರಿಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. 6 ಅಂತ ಬಂದವಳನ್ನು ಪಟ್ಟಿಗೆ ಸೇರಿಸಿ ಮುಂದಿನ ಮನೆಗೆ ನಡೆದುಬಿಟ್ಟರೆ ಅದು ಸಂಶೋಧನೆಯಲ್ಲ, ಅಪರಾಧ. ಆಕೆಯನ್ನು ಅದೇ ದಿನ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ, ಯಾರ ಜೊತೆ ಕಳಿಸುತ್ತೀರಿ ಎಂಬುದು ತಾಂಡಾಕ್ಕೆ ಕಾಲಿಡುವ ಮೊದಲೇ ಗೊತ್ತಿರಬೇಕು.

ಇನ್ನು ನಿಮ್ಮ ಗೈಡ್ ಹೇಳಿದ ಡಿಸೆಂಬರ್. ಆಗ ತಾಂಡಾದಲ್ಲಿ ಯಾರಿರುತ್ತಾರೆ? ದೀಪಾವಳಿ ಮುಗಿಯುತ್ತಿದ್ದಂತೆ ದುಡಿಯುವವರೆಲ್ಲ ಮಹಾರಾಷ್ಟ್ರಕ್ಕೆ ಕಬ್ಬು ಕಡಿಲಾಕ, ಪುಣೆ, ಮುಂಬೈ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಬಸುರಿಯರೂ ಹೋಗುತ್ತಾರೆ. ಉಳಿಯುವವರು ಮುದುಕರು, ಚಿಕ್ಕ ಮಕ್ಕಳು. ಊರಲ್ಲಿ ಉಳಿದ ನಾಲ್ಕು ಬಸುರಿಯರ ರಕ್ತ ನೋಡಿ “ಪರವಾಗಿಲ್ಲ” ಅಂತ ಬರೆದರೆ ಕಬ್ಬಿನ ಗದ್ದೆಯಲ್ಲಿದ್ದ ಹತ್ತು ಜನ ಲೆಕ್ಕದಿಂದಲೇ ಮಾಯ. ಮಳೆಗಾಲದ ಬಿತ್ತನೆಗೆ ಜನ ಮರಳಿದ ಮೇಲೆ ಹೋಗಿ. ಬೀಗ ಹಾಕಿದ ಮನೆಗಳನ್ನೂ ಎಣಿಸಿ ಬರೆಯಿರಿ.

ಎಣಿಕೆಯದೇ ಇನ್ನೊಂದು ತೊಡಕು. ಎಷ್ಟೋ ತಾಂಡಾಗಳಿಗೆ ಸರ್ಕಾರಿ ಕಾಗದದಲ್ಲಿ ಸ್ವಂತ ಹೆಸರೇ ಇರಲಿಲ್ಲ, ದೊಡ್ಡ ಊರಿನ ಬಾಲ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ತಾಂಡಾ ನಿವಾಸಿಗಳಿಗೆ ಹಕ್ಕುಪತ್ರ ಕೊಟ್ಟದ್ದು, ಇಂಥ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿದ ಕಾರಣಕ್ಕೆ. ಹಳೆಯ ಅಂಕಿ-ಅಂಶಗಳಲ್ಲಿ ತಾಂಡಾದ ಕಾಯಿಲೆ ದೊಡ್ಡ ಊರಿನ ಸರಾಸರಿಯೊಳಗೆ ಕರಗಿಹೋಗಿರುತ್ತದೆ. ಆದ್ದರಿಂದ ಆಶಾ ಜೊತೆ ನಡೆದು ನಿಮ್ಮದೇ ನಕ್ಷೆ ಬರೆದುಕೊಳ್ಳಿ. ಹಾಗೇ, ಶೀರ್ಷಿಕೆಯಲ್ಲಿ ‘ಬುಡಕಟ್ಟು’ ಎಂದು ಬರೆಯುವ ಮುನ್ನ ಯೋಚಿಸಿ: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣದ ನಾರಾಯಣಪೇಟೆಗೆ ಹೋದರೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಆ ಕಡೆಯಿಂದ ಮದುವೆಯಾಗಿ ಬಂದ ಸೊಸೆಯ ತವರಿಗೆ ಒಂದು ಪಟ್ಟಿ, ಗಂಡನ ಮನೆಗೆ ಇನ್ನೊಂದು. ಅವರನ್ನೇ ಕೇಳಿದರೆ ತಾವು ‘ಗೋರ್’ ಅನ್ನುತ್ತಾರೆ.

ಶಿಕ್ಷಣದ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ನಮ್ಮ ಹುಡುಗಿಯರು ಚಾರ್ಟ್ ಬಿಡಿಸಿ “ಬೀಟ್‌ರೂಟ್ ತಿನ್ರಿ, ದಾಳಿಂಬೆ ತಿನ್ರಿ” ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಬೀಟ್‌ರೂಟಿನ ಬಣ್ಣ ಕೆಂಪು ಅಷ್ಟೇ, ಕಬ್ಬಿಣ ಅಂಥದ್ದೇನೂ ಇಲ್ಲ. ದಾಳಿಂಬೆ ಕೊಳ್ಳಲು ಕೂಲಿ ಸಾಲದು. ಅದೇ ತಾಂಡಾದಲ್ಲಿ ಕುರಿ, ಮೇಕೆಯ ರಕ್ತ ಹಾಕಿ ಮಾಡುವ ಸಳೋಯಿ ಇದೆ. ದೇಹ ಸಲೀಸಾಗಿ ಹೀರಿಕೊಳ್ಳುವ ಕಬ್ಬಿಣ ಅದು. ಒಮ್ಮೆ ತಟ್ಟೆ ಮುಂದಿಟ್ಟಾಗ ನಮ್ಮ ವಿದ್ಯಾರ್ಥಿನಿಯರು ಮೂಗು ಮುರಿದರು. ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು, ಯಾರೂ ಕೇಳಲಿಲ್ಲ. ನೀವು ಹೋದಾಗ ಮೊದಲ ದಿನ ಚಾರ್ಟ್ ಬೇಡ. ಏನು ಅಡುಗೆ, ಯಾರು ಕೊನೆಗೆ ಉಣ್ಣುತ್ತಾರೆ, ಚಹಾ ಎಷ್ಟು ಸಲ, ಕಬ್ಬಿಣದ ಗುಳಿಗೆ ಎಲ್ಲಿದೆ — ಕೇಳಿ, ನೋಡಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ನಂತರ ಮತ್ತೆ 180 ದಿನ ನುಂಗಬೇಕಾದ ಗುಳಿಗೆ ಗೂಡಿನಲ್ಲೇ ಕೂತಿದ್ದರೆ ಕಾರಣ ಇರುತ್ತದೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಕೂಸು ದಪ್ಪಾಗಿ ಹೆರಿಗೆ ಕಷ್ಟ ಆಗ್ತದ ಎಂಬ ಅತ್ತೆಯ ಹೆದರಿಕೆ. ಕಪ್ಪಗಾಗುವುದು ಸಹಜ ಎಂದು ಮೊದಲೇ ಹೇಳಿದ್ದರೆ ಅರ್ಧ ಜನ ಬಿಡುತ್ತಿರಲಿಲ್ಲ. ಗುಳಿಗೆಗೂ ಚಹಾಕ್ಕೂ ನಡುವೆ ಒಂದು ತಾಸು ಬಿಡಿ ಎಂಬ ಮಾತು ಬೀಟ್‌ರೂಟಿಗಿಂತ ಹೆಚ್ಚು ಉಪಯೋಗ.

ಮಾತು ಅವರ ಮನೆಮಾತಾದ ಗೋರ್ ಬೋಲಿಯಲ್ಲೇ ಆಗಲಿ, ಅದೂ ತಾಂಡಾದ ಹೆಣ್ಣುಮಗಳ ಬಾಯಲ್ಲಿ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ವೈದ್ಯ ದಂಪತಿ ಇದನ್ನು ಮಾಡಿ ತೋರಿಸಿದ್ದಾರೆ. 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ಮೂರನೇ ವರ್ಷಕ್ಕೆ ಎಳೆಗೂಸುಗಳ ಸಾವು ಶೇ 62ರಷ್ಟು ಇಳಿಯಿತು. 1999ರಲ್ಲಿ ಅದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಇವತ್ತು ನಮ್ಮ ಆಶಾಗಳು ಬಾಣಂತಿಯ ಮನೆಗೆ ಹೋಗಿ ಕೂಸಿನ ತೂಕ ನೋಡುವುದು ಆ ಕೆಲಸದ ಮುಂದುವರಿಕೆಯೇ.

ಒಪ್ಪಿಗೆ ಪತ್ರದ ಬಗ್ಗೆ ಚುಟುಕಾಗಿ: ತಾಂಡಾದ ಹಿರಿಯರಾದ ನಾಯಕ್, ಕಾರಭಾರಿಯನ್ನು ಮೊದಲು ಕಂಡು ಬನ್ನಿ, ಅದು ಮರ್ಯಾದೆ. ಆದರೆ ನಾಯಕ್ ಹ್ಞೂಂ ಅಂದರೆ ಬಸುರಿ ಹ್ಞೂಂ ಅಂದಂತಲ್ಲ. ಓದಲು ಬಾರದವಳಿಗೆ ಪತ್ರ ಓದಿ ಹೇಳುವಾಗ ನಿಮ್ಮ ತಂಡಕ್ಕೆ ಸೇರದ, ಓದುಬರಹ ಬಲ್ಲ ಸಾಕ್ಷಿ ಇರಬೇಕು, ಹೆಬ್ಬೆಟ್ಟು ಆಮೇಲೆ. ಒಂದು ಪ್ರತಿ ಆಕೆಗೆ.

ಪ್ರಶ್ನೆ: ವಸತಿ ಶಾಲೆಯ ಹುಡುಗಿಯರ ರಕ್ತ ಪರೀಕ್ಷೆ ಮಾಡಿ ಲೇಖನ ಬರೆಯಬೇಕೆಂದಿದ್ದೇನೆ. ತಂದೆತಾಯಿ ದುಡಿಯಲು ಹೈದರಾಬಾದಿಗೆ ಹೋಗಿದ್ದಾರೆ. ನಾನೇ ಸಹಿ ಮಾಡುತ್ತೇನೆ ಅನ್ನುತ್ತಾರೆ ವಾರ್ಡನ್. ನಡೆಯುತ್ತದೆಯೇ?
— ನರ್ಸಿಂಗ್ ಉಪನ್ಯಾಸಕಿ, ಔರಾದ್, ಬೀದರ್ ಜಿಲ್ಲೆ

ಉತ್ತರ: ನಡೆಯುವುದಿಲ್ಲ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆ ಲಸಿಕೆಯ ಅಧ್ಯಯನ ನಡೆದಾಗ ಬುಡಕಟ್ಟು ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಅದು ಸಂಸದೀಯ ಸಮಿತಿಯವರೆಗೂ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಪೋಷಕರ ಒಪ್ಪಿಗೆ ಬೇಕು. ಜೊತೆಗೆ 7ರಿಂದ 11 ವರ್ಷದವರ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಬರಹದ ಸಮ್ಮತಿ. ಹಬ್ಬಕ್ಕೆ ತಂದೆತಾಯಿ ಊರಿಗೆ ಬಂದೇ ಬರುತ್ತಾರೆ, ಅಲ್ಲಿಯವರೆಗೆ ಕಾಯಿರಿ. ಹುಡುಗಿ ಸುಸ್ತಾಗಿ ಬಿದ್ದರೆ ಮಾತ್ರ ಕಾಯಬೇಡಿ, ಅದು ಚಿಕಿತ್ಸೆ. ಲೇಖನ ಬೇರೆ.

ಪ್ರಶ್ನೆ: ಕನ್ನಡಿ ಕಸೂತಿಯ ಉಡುಪಿನ ಲಂಬಾಣಿ ಅಜ್ಜಿಯ ಫೋಟೊ ನಮ್ಮ ಕ್ಷಯರೋಗ ಸಮ್ಮೇಳನದ ಪೋಸ್ಟರಿಗೆ ಹಾಕಬಹುದೇ?
— ಯಾದಗಿರಿ

ಉತ್ತರ: ಅಜ್ಜಿಯನ್ನು ಕೇಳಿದಿರಾ? ಪೋಸ್ಟರಿನ ವಿಷಯ ಕ್ಷಯ ಅಂತಲೂ ಹೇಳಿ ಕೇಳಿ.