ಫೋನ್ ಸ್ಲೋ, ಮೇಲಿಂದ ಜಾಹೀರಾತಿನ ಕಾಟ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೋಳು. ಹತ್ತು-ಹನ್ನೆರಡು ಸಾವಿರದ ಆಂಡ್ರಾಯ್ಡ್ ಫೋನ್. ಹೊಸತರಲ್ಲಿ ಚೆನ್ನಾಗಿತ್ತು, ಈಗ ಏನು ಒತ್ತಿದರೂ ತಡ, ಸಾಲದ್ದಕ್ಕೆ ಎಲ್ಲೆಂದರಲ್ಲಿ ಜಾಹೀರಾತು. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಒಂದೊಂದು ಕಂಪನಿಯ ಫೋನಿನಲ್ಲಿ ಮೆನು ಒಂದೊಂದು ಕಡೆ ಇರುತ್ತದೆ. ನಾನು ಹೇಳಿದ ಜಾಗದಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಪಟ್ಟಿಯಲ್ಲಿ ಆ ಹೆಸರು ಟೈಪ್ ಮಾಡಿ.

ನನ್ನದು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜಿನ ಫೋನ್. ಮೂರು ವರ್ಷ ಆಯ್ತು. ಈಗ ವಾಟ್ಸಾಪ್ ತೆರೆಯಲಿಕ್ಕೇ ತಡ. ಅಂಗಡಿಯವರು ಒಂದು ಬೂಸ್ಟರ್ ಆ್ಯಪ್ ಹಾಕಿಕೊಟ್ಟರು. ದಿನಾ ಕ್ಲೀನ್ ಮಾಡ್ತೇನೆ, ಆದರೂ ಹಾಗೇ ಇದೆ. ಫೋನಿನಲ್ಲೇ ರ‍್ಯಾಮ್ ಜಾಸ್ತಿ ಮಾಡುವ ಆಯ್ಕೆ ಇದೆಯಂತೆ, ಹಾಕಬಹುದಾ?
— ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಮೊದಲು ಆ ಬೂಸ್ಟರ್ ಆ್ಯಪ್ ತೆಗೆದುಹಾಕಿ. ಯಾವ ಆ್ಯಪ್ ರ‍್ಯಾಮ್‌ನಲ್ಲಿ ಇರಬೇಕು, ಯಾವುದು ಹೋಗಬೇಕು ಅಂತ ನೋಡಿಕೊಳ್ಳುವ ಕೆಲಸವನ್ನು ಆಂಡ್ರಾಯ್ಡ್ ತಾನೇ ಮಾಡುತ್ತದೆ. ಬೂಸ್ಟರ್ ಎಲ್ಲವನ್ನೂ ಮುಚ್ಚಿಬಿಟ್ಟರೆ, ನೀವು ಮತ್ತೆ ವಾಟ್ಸಾಪ್ ಒತ್ತಿದಾಗ ಅದು ಮೊದಲಿಂದ ಶುರುವಾಗಬೇಕು. ಅದಕ್ಕೇ ತಡ, ಬ್ಯಾಟರಿಯೂ ಜಾಸ್ತಿ ಖರ್ಚು. ಅಷ್ಟಲ್ಲದೆ ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಬದುಕುವುದೇ ಜಾಹೀರಾತು ತೋರಿಸಿ. ಗಳಿಗೆಗೊಮ್ಮೆ ಎಲ್ಲ ಆ್ಯಪ್‌ಗಳನ್ನು ಕೈಯಿಂದ ಸರಿಸಿ ಮುಚ್ಚುವ ಅಭ್ಯಾಸವೂ ಬೇಡ.

ರ‍್ಯಾಮ್ ಹೆಚ್ಚಿಸುವ ಆಯ್ಕೆಯನ್ನೂ ನಾನು ಬೇಡ ಅಂತಲೇ ಹೇಳುತ್ತೇನೆ. ಅದು ನಿಜವಾದ ರ‍್ಯಾಮ್ ಅಲ್ಲ. ಸ್ಟೋರೇಜಿನಲ್ಲೇ ಒಂದಿಷ್ಟು ಜಾಗ ತೆಗೆದು ರ‍್ಯಾಮ್‌ನಂತೆ ಬಳಸುತ್ತಾರೆ. ಕಡಿಮೆ ಬೆಲೆಯ ಫೋನುಗಳ ಸ್ಟೋರೇಜ್ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. 4 ಜಿಬಿ ಹೆಚ್ಚಿಸಿದರೆ ನಿಮ್ಮ 64 ಜಿಬಿಯಲ್ಲಿ 4 ಜಿಬಿ ಅಲ್ಲಿಗೇ ಹೋಯಿತು. ನಿಮಗೆ ಕೊರತೆ ಇರುವುದೇ ಸ್ಟೋರೇಜಿನದು ಅಂತ ನನ್ನ ಅಂದಾಜು. ಆ ಆಯ್ಕೆ ಈಗಾಗಲೇ ಆನ್ ಇದ್ದರೆ ಆಫ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. 64ರಲ್ಲಿ 60 ಜಿಬಿ ತುಂಬಿದ್ದರೆ ಫೋನ್ ನಿಧಾನವಾಗಲೇಬೇಕು. ಅಂಗಳದ ತುಂಬ ಅಡಿಕೆ ಹರವಿಟ್ಟರೆ ಕೈಯಾಡಿಸಲು ಕಾಲಿಡುವುದೆಲ್ಲಿ, ಹಾಗೆ ಇದೂ. ಹೊಸದೇನಾದರೂ ಬರೆಯುವ ಮೊದಲು ಫೋನ್ ಹಳೆಯದನ್ನು ಸರಿಸಿ, ಅಳಿಸಿ ಜಾಗ ಮಾಡಿಕೊಳ್ಳಬೇಕು. 10 ಜಿಬಿಯಾದರೂ ಖಾಲಿ ಇರಲಿ.

ಜಾಗ ತಿನ್ನುವುದರಲ್ಲಿ ವಾಟ್ಸಾಪ್‌ಗೇ ಮೊದಲ ಸ್ಥಾನ. ಅಡಿಕೆ ಧಾರಣೆಯ ಗ್ರೂಪು, ಊರಿನ ಗ್ರೂಪು, ನೆಂಟರ ಗ್ರೂಪು, ಎಲ್ಲದರ ಫೋಟೋ, ವಿಡಿಯೋ ನೀವು ನೋಡದಿದ್ದರೂ ಫೋನಿಗೆ ಇಳಿದು ಕೂತಿರುತ್ತವೆ. ವಾಟ್ಸಾಪ್ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್, ಹೀಗೆ ಹೋಗಿ. 5 ಎಂಬಿಗಿಂತ ದೊಡ್ಡ ಫೈಲುಗಳು, ಹಲವು ಬಾರಿ ಫಾರ್ವರ್ಡ್ ಆದವು ಅಂತ ಬೇರೆ ಬೇರೆ ಗುಂಪು ಮಾಡಿಟ್ಟಿರುತ್ತದೆ. ಅದರ ಕೆಳಗೆ ಯಾವ ಗ್ರೂಪು ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ, ದೊಡ್ಡದು ಮೇಲೆ. ಮೊದಲ ಗ್ರೂಪನ್ನು ಒತ್ತಿ ನೋಡಿ. ಒಂದೇ ಶುಭಾಶಯದ ವಿಡಿಯೋವನ್ನು ನಾಲ್ಕು ಜನ ಕಳಿಸಿದ್ದು ನಾಲ್ಕು ಸಲ ಕಾಣಬಹುದು. ಹಾಗಂತ ಎಲ್ಲವನ್ನೂ ಒಟ್ಟಿಗೆ ಅಳಿಸಬೇಡಿ. ಪಹಣಿಯ ಫೋಟೋ, ಮದುವೆಯ ವಿಡಿಯೋ ಅದರ ನಡುವೆಯೇ ಸಿಕ್ಕಿಕೊಂಡಿರುತ್ತವೆ. ಬೇಕಾದ್ದು ಬಿಟ್ಟು ಉಳಿದದ್ದು ತೆಗೆಯಿರಿ. ಆಮೇಲೆ ಅದೇ ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಇನ್ನು ಮುಂದೆ ನೀವು ಒತ್ತಿದ್ದು ಮಾತ್ರ ಇಳಿಯುತ್ತದೆ. ಗ್ಯಾಲರಿಯಲ್ಲಿ ಅಳಿಸಿದ ಫೋಟೋಗಳು ಟ್ರ್ಯಾಶ್‌ನಲ್ಲಿ ಕೆಲವು ವಾರ ಉಳಿಯುತ್ತವೆ. ಅದನ್ನೂ ಖಾಲಿ ಮಾಡದೆ ಜಾಗ ಸಿಗುವುದಿಲ್ಲ.

ಇನ್ನೊಂದು ಸಣ್ಣ ಉಪಾಯ. ಡೆವಲಪರ್ ಆಪ್ಶನ್ಸ್ (ಆ್ಯಪ್ ತಯಾರಿಸುವವರಿಗಾಗಿ ಇರುವ, ಮರೆಯಾಗಿಟ್ಟ ಸೆಟ್ಟಿಂಗ್ಸ್) ಆನ್ ಮಾಡಿ ಅನಿಮೇಶನ್ ಕಡಿಮೆ ಮಾಡಿ ಅಂತ ಯೂಟ್ಯೂಬಿನಲ್ಲಿ ಹೇಳಿಕೊಡುತ್ತಾರೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಡೆವಲಪರ್ ಆಪ್ಶನ್ಸ್ ಆನ್ ಇದ್ದರೆ ತೆರೆಯುವುದೇ ಇಲ್ಲ. ಅದರ ಬದಲು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ರಿಮೂವ್ ಅನಿಮೇಶನ್ಸ್ ಆನ್ ಮಾಡಿ. ಫೋನಿನ ಶಕ್ತಿ ಹೆಚ್ಚುವುದಿಲ್ಲ, ಆದರೆ ಪರದೆ ತಕ್ಷಣ ಬದಲಾಗುವುದರಿಂದ ಚುರುಕು ಅನಿಸುತ್ತದೆ.

ಹಾಗೇ, ನಿಧಾನ ಫೋನಿನದೋ ನೆಟ್‌ವರ್ಕಿನದೋ ಅಂತಲೂ ನೋಡಿಕೊಳ್ಳಿ. ಘಟ್ಟದ ಹಳ್ಳಿಗಳಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಏರೋಪ್ಲೇನ್ ಮೋಡ್ ಹಾಕಿ ಗ್ಯಾಲರಿ, ಕ್ಯಾಮೆರಾ ತೆರೆದು ನೋಡಿ. ಅವು ಬೇಗ ತೆರೆದರೆ ಸುಮ್ನೆ ಫೋನಿನ ಮೇಲೆ ಗೂಬೆ ಕೂರಿಸಬೇಡಿ, ತೊಂದರೆ ಸಿಗ್ನಲಿನದು. ಸಿಗ್ನಲ್ ಸಿಗದ ಕಡೆ ಫೋನ್ ಟವರ್ ಹುಡುಕಿ ಹುಡುಕಿ ಬಿಸಿಯಾಗುತ್ತದೆ. ಬಿಸಿಯಾದ ಫೋನ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ತೋಟದಲ್ಲಿ ಸಿಗ್ನಲ್ ಇಲ್ಲವೇ ಇಲ್ಲ ಅಂತಾದರೆ ಅಲ್ಲಿರುವಷ್ಟು ಹೊತ್ತು ಏರೋಪ್ಲೇನ್ ಮೋಡ್ ಹಾಕಿಡಿ.

ಅಮ್ಮ ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಬಂಗಡೆ ಕೊಟ್ಟು ದುಡ್ಡು ಬಂತಾ ಅಂತ ನೋಡಲು ಫೋನ್ ತೆಗೆದರೆ ಪರದೆ ತುಂಬ ಜಾಹೀರಾತು. ಮುಚ್ಚುವ ಗುರುತು ಎಲ್ಲಿದೆ ಅಂತ ಅವಳಿಗೆ ಸಿಗುವುದಿಲ್ಲ. ಯಾವ ಆ್ಯಪ್ ತೆರೆಯದಿದ್ದರೂ ಬರುತ್ತದೆ. ಎಂತ ಮಾಡೋದು?
— ಮಗಳು, ಕಾರವಾರ

ಇದನ್ನು ತಡಮಾಡದೆ ಸರಿಮಾಡಬೇಕು. ಹಣದ ವ್ಯವಹಾರ ನಡೆಯುವ ಫೋನಿನಲ್ಲಿ, ಒದ್ದೆ ಕೈಯಲ್ಲಿ ಅಕಸ್ಮಾತ್ ಏನೋ ಒತ್ತಿದರೆ ಇನ್ನೊಂದು ಬೇಡದ ಆ್ಯಪ್ ಬಂದು ಕೂರುತ್ತದೆ.

ಯಾವ ಆ್ಯಪ್ ತೆರೆಯದಿದ್ದರೂ ಜಾಹೀರಾತು ಬರುತ್ತಿದೆ ಅಂದರೆ ಹೆಚ್ಚಾಗಿ ಯಾವುದೋ ಒಂದು ಆ್ಯಪ್ ಹಿಂದಿನಿಂದ ಅದನ್ನು ತೋರಿಸುತ್ತಿದೆ. ಹಿಡಿಯುವುದು ಹೀಗೆ: ಜಾಹೀರಾತು ಬಂದ ಕೂಡಲೇ ಮುಚ್ಚಲು ಹೋಗಬೇಡಿ. ತೆರೆದ ಆ್ಯಪ್‌ಗಳನ್ನು ತೋರಿಸುವ ಚೌಕದ ಗುಂಡಿ ಒತ್ತಿ. ಗುಂಡಿ ಇಲ್ಲದಿದ್ದರೆ ಪರದೆಯ ಕೆಳಗಿನಿಂದ ಮೇಲಕ್ಕೆ ಎಳೆದು ಹಿಡಿಯಿರಿ. ಜಾಹೀರಾತು ಒಂದು ಕಾರ್ಡಿನಂತೆ ಚಿಕ್ಕದಾಗುತ್ತದೆ, ಅದರ ನೆತ್ತಿಯ ಮೇಲೆ ಆ್ಯಪಿನ ಗುರುತು ಇರುತ್ತದೆ. ಅದನ್ನು ಒತ್ತಿಹಿಡಿದು ಆ್ಯಪ್ ಇನ್ಫೋಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ಟಾರ್ಚ್, ಕ್ಯೂಆರ್ ಸ್ಕ್ಯಾನರ್, ವಾಲ್‌ಪೇಪರ್, ಕ್ಲೀನರ್ ಎಂಬ ಹೆಸರಿನ ಆ್ಯಪ್‌ಗಳ ಮೇಲೆ ಮೊದಲು ಅನುಮಾನ ಇರಲಿ. ಟಾರ್ಚ್ ಫೋನಿನಲ್ಲೇ ಇದೆ, ಕ್ಯೂಆರ್ ಸ್ಕ್ಯಾನ್ ಯುಪಿಐ ಆ್ಯಪಿನಲ್ಲೇ ಇದೆ, ಬೇರೆ ಯಾಕೆ, ಅಲ್ವಾ?

ಕೆಲವು ಕಿಲಾಡಿ ಆ್ಯಪ್‌ಗಳು ಗುರುತು, ಹೆಸರು ಎರಡನ್ನೂ ಖಾಲಿ ಬಿಟ್ಟಿರುತ್ತವೆ. ಆಗ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್ ಅಂತ ಹುಡುಕಿ. ಬೇರೆ ಆ್ಯಪಿನ ಮೇಲೆ ಬಂದು ಕೂರುವ ಅನುಮತಿ ಯಾರ್‍ಯಾರಿಗಿದೆ ಅಂತ ಅಲ್ಲಿ ಕಾಣುತ್ತದೆ. ಗುರುತು ಪರಿಚಯ ಇಲ್ಲದ್ದಕ್ಕೆಲ್ಲ ಅನುಮತಿ ತೆಗೆಯಿರಿ.

"ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಮೇಲಿನಿಂದ ಇಳಿಯುವ ಸಂದೇಶ ಇದ್ದರೆ ಅದರ ಮೂಲ ಬೇರೆ. ಎಂದೋ ಒಂದು ವೆಬ್‌ಸೈಟು ನೋಟಿಫಿಕೇಶನ್ ಕಳಿಸಲಾ ಅಂತ ಕೇಳಿದಾಗ ಅಲೋ ಒತ್ತಿದ್ದರ ಫಲ ಅದು. ಕ್ರೋಮ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್‌ನಲ್ಲಿ ಆ ಸೈಟುಗಳನ್ನು ಬಂದ್ ಮಾಡಿ. ಲಾಕ್ ಆದ ಪರದೆಯಲ್ಲಿ ಬರುವ ಚಿತ್ರ, ಸುದ್ದಿ ಗ್ಲಾನ್ಸ್ ಎಂಬುದರದ್ದು. ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಆಗುತ್ತದೆ. ರೆಡ್‌ಮಿ ಅಥವಾ ಪೋಕೊ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಎಂಎಸ್ಎ ಅಂತ ಹುಡುಕಿ, ಅದರ ಅನುಮತಿ ರದ್ದು ಮಾಡಿ. ಕಂಪನಿಯ ಸ್ವಂತ ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವುದು ಅದೇ. ಆಗಲಿಲ್ಲ ಅಂತ ತೋರಿಸಿದರೆ ಇಂಟರ್ನೆಟ್ ಆನ್ ಇಟ್ಟುಕೊಂಡು ಮತ್ತೆ ಪ್ರಯತ್ನಿಸಿ.

ಕೊನೆಗೆ, ಟ್ರಾಫಿಕ್ ಚಲನ್, ಪಿಎಂ ಕಿಸಾನ್ ಅಂತ ಹೇಳಿಕೊಂಡು ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಫೈಲ್) ಬಂದರೆ ಅಮ್ಮ ಅದನ್ನು ಮುಟ್ಟಬಾರದು. ಅದು ಒಟಿಪಿ ಕದಿಯುವ ದಾರಿ. ಹಣ ಹೋಗಿದೆ ಅಂತ ಗೊತ್ತಾದ ಕ್ಷಣ 1930ಕ್ಕೆ ಫೋನ್ ಮಾಡಿ.

ಪ್ರೈವೇಟ್ ಡಿಎನ್ಎಸ್ ಹಾಕಿದರೆ ಎಲ್ಲ ಜಾಹೀರಾತೂ ನಿಲ್ಲುತ್ತದಂತೆ. ಯೂಟ್ಯೂಬಿನದ್ದೂ ಹೋಗುತ್ತಾ? ಅಪಾಯ ಏನಾದರೂ ಇದೆಯಾ?
— ಕಾಲೇಜು ವಿದ್ಯಾರ್ಥಿ, ಹೊನ್ನಾವರ

ಎಲ್ಲ ನಿಲ್ಲುವುದಿಲ್ಲ, ತುಂಬ ಕಡಿಮೆಯಾಗುತ್ತದೆ. ನಿಮ್ಮ ಫೋನ್ ಯಾವ ಸೈಟಿಗೆ ಹೋಗಬೇಕಾದರೂ ಮೊದಲು ಅದರ ವಿಳಾಸವನ್ನು ಒಂದು ಡಿಎನ್ಎಸ್ ಸರ್ವರಿನ ಹತ್ತಿರ ಕೇಳುತ್ತದೆ. ಜಾಹೀರಾತು ಕಳಿಸುವ ಸೈಟುಗಳ ವಿಳಾಸವನ್ನೇ ಕೊಡದ ಸರ್ವರ್ ಇಟ್ಟುಕೊಂಡರೆ ಜಾಹೀರಾತು ಬರಲು ದಾರಿಯಿಲ್ಲ. ಯೂಟ್ಯೂಬಿನಲ್ಲಿ ವಿಡಿಯೋ ಬರುವ ಕಡೆಯಿಂದಲೇ ಜಾಹೀರಾತೂ ಬರುತ್ತದೆ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ, ಹಾಗಾಗಿ ಅಲ್ಲಿ ಈ ಉಪಾಯ ನಡೆಯದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಥೆಯೂ ಅದೇ.

2018ರಲ್ಲಿ ಬಂದ ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಈ ಸೌಲಭ್ಯ ಇದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್ಎಸ್ ಹುಡುಕಿ, ಹೋಸ್ಟ್‌ನೇಮ್ ಬರೆಯುವ ಜಾಗದಲ್ಲಿ ಆಡ್‌ಗಾರ್ಡ್ ಕಂಪನಿಯ ವಿಳಾಸ ಹಾಕಿ: ಡಿಎನ್ಎಸ್, ಡಾಟ್, ಆಡ್‌ಗಾರ್ಡ್, ನಡುವೆ ಸಣ್ಣ ಗೆರೆ, ಡಿಎನ್ಎಸ್, ಡಾಟ್, ಕಾಮ್ (dns.adguard-dns.com). ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. ಆ್ಯಪ್ ಬೇಡ, ದುಡ್ಡು ಬೇಡ, ಫೋನಿಗೆ ಭಾರವೂ ಇಲ್ಲ. ಜಾಹೀರಾತಿನ ಚಿತ್ರ, ವಿಡಿಯೋ ಇಳಿಯದ ಕಾರಣ ಡೇಟಾನೂ ಉಳಿಯುತ್ತದೆ.

ಅಪಾಯ ಅಂತ ಕೇಳಿದ್ದೀರಿ. ನೀವು ಯಾವ ಸೈಟಿಗೆ ಹೋಗುತ್ತೀರಿ ಎಂಬುದು ಆ ಸರ್ವರಿನವರಿಗೆ ಗೊತ್ತಾಗುತ್ತದೆ, ಪಾಸ್‌ವರ್ಡ್ ಗೊತ್ತಾಗುವುದಿಲ್ಲ. ಹಾಗಾಗಿ ಯಾರೋ ಕಳಿಸಿದ ಅಪರಿಚಿತ ವಿಳಾಸ ಮಾತ್ರ ಹಾಕಬೇಡಿ. ರೈಲ್ವೆ ಸ್ಟೇಷನ್, ಲಾಡ್ಜ್‌ಗಳಲ್ಲಿ ಒಟಿಪಿ ಕೇಳುವ ವೈಫೈ ಸಿಗದೆ ಹೋಗಬಹುದು. ಆಗ ಸ್ವಲ್ಪ ಹೊತ್ತು ಆಟೋಮ್ಯಾಟಿಕ್‌ಗೆ ಬದಲಿಸಿ.

ಬ್ರೌಸರ್‌ಗೆ ಮಾತ್ರ ಸಾಕು ಅನ್ನುವುದಾದರೆ ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಆ್ಯಡ್-ಆನ್ ಸೇರಿಸಿ. ನನಗೆ ಇದೇ ಹೆಚ್ಚು ಇಷ್ಟ, ಯಾಕೆಂದರೆ ಬೇಕಾದ ಸೈಟಿಗೆ ವಿನಾಯಿತಿ ಕೊಡಬಹುದು. ನಮ್ಮ ಜಿಲ್ಲೆಯ ಸುದ್ದಿ ಕೊಡುವ ಸಣ್ಣ ಸೈಟುಗಳಿಗೆ ಜಾಹೀರಾತೇ ಆದಾಯ. ದಿನಾ ಓದುವ ಅಂಥ ಒಂದೆರಡಕ್ಕೆ ದಯವಿಟ್ಟು ತಡೆ ತೆಗೆದಿಡಿ.

ಎಲ್ಲ ಮಾಡಿ ನೋಡಿದೆ, ಸರಿಯಾಗಲಿಲ್ಲ. ಫ್ಯಾಕ್ಟರಿ ರಿಸೆಟ್ ಮಾಡಲೋ, ಹೊಸ ಫೋನ್ ಕೊಳ್ಳಲೋ?
— ಟೈಲರಿಂಗ್ ಅಂಗಡಿ ನಡೆಸುವವರು, ಅಂಕೋಲಾ

ಮೊದಲು ರಿಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು. ಅದಾದ ಮೇಲೆ ಹಳೆಯ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ತರಬೇಡಿ, ಬೇಕಾದಾಗ ಬೇಕಾದ್ದು ಹಾಕಿಕೊಳ್ಳಿ. ಖಾಲಿ ಫೋನೇ ನಿಧಾನವಾಗಿದ್ದರೆ, ಅಥವಾ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತು ಎರಡು ವರ್ಷ ದಾಟಿದ್ದರೆ ಹೊಸದು ನೋಡಿ. ಕನಿಷ್ಠ 6 ಜಿಬಿ ರ‍್ಯಾಮ್, 128 ಜಿಬಿ ಯುಎಫ್ಎಸ್ ಸ್ಟೋರೇಜ್ ಇರಲಿ. ಯುಎಫ್ಎಸ್ ವೇಗದ ಬಗೆಯ ಸ್ಟೋರೇಜ್, ಇಎಂಎಂಸಿ ನಿಧಾನದ್ದು, ಅದು ಬೇಡ. ರಿಸೆಟ್ ಮಾಡುವ ಮುಂಚೆ ವಾಟ್ಸಾಪ್ ಬ್ಯಾಕಪ್ ತೆಗೆಯಿರಿ, ಫೋಟೋಗಳನ್ನು ಬೇರೆ ಕಡೆ ಉಳಿಸಿ, ಗೂಗಲ್ ಪಾಸ್‌ವರ್ಡ್ ನೆನಪಿದೆಯೇ ಅಂತ ಒಮ್ಮೆ ಲಾಗಿನ್ ಆಗಿ ನೋಡಿ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಲಿ, ಯುಪಿಐ ಮತ್ತೆ ಶುರುಮಾಡಲು ಅದರಿಂದಲೇ ಎಸ್ಎಂಎಸ್ ಹೋಗಬೇಕು.